ಬಂಡೆ ಹಿಡಿಯುವ ಅಟ್ಟೆ

ಸಾವನದುರ್ಗದ ಇಳಿಜಾರು ಬಂಡೆಯಲ್ಲಿ ಕೈಗೆ ಸಿಗುವುದು ಕಡಿಮೆ. ಹಿಮ್ಮಡಿ ಇಳಿಸಿ, ಮುಂಗಾಲನ್ನು ಬಂಡೆಗೆ ಒತ್ತಿ, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು ನಿಲ್ಲಬೇಕು. ಬಂಡೆ ಹತ್ತುವ ನಾವು ಇದನ್ನು ಸ್ಮಿಯರಿಂಗ್ ಎನ್ನುತ್ತೇವೆ. ಆಗ ನಮ್ಮನ್ನು ಕಾಯುವುದು ಸುಮಾರು ನಾಲ್ಕು ಮಿಲಿಮೀಟರ್ ದಪ್ಪದ ರಬ್ಬರು.

ಆ ರಬ್ಬರು ಬಹಳ ಹಳೆಯದಲ್ಲ. ಆಲ್ಪ್ಸ್ ಏರುತ್ತಿದ್ದವರು ಹಿಂದೆ ಅಟ್ಟೆಗೆ ಕಬ್ಬಿಣದ ಮೊಳೆ ಬಡಿದ ಬೂಟು ತೊಡುತ್ತಿದ್ದರು. 1935ರಲ್ಲಿ ಇಟಲಿಯ ಪುಂಟಾ ರಸೀಕಾದಲ್ಲಿ ಬಿರುಗಾಳಿಗೆ ಸಿಕ್ಕಿ ಆರು ಮಂದಿ ಸತ್ತರು; ತಕ್ಕ ಪಾದರಕ್ಷೆ ಇಲ್ಲದ್ದೂ ಅದಕ್ಕೊಂದು ಕಾರಣ ಎನ್ನಲಾಯಿತು. ಆ ತಂಡದಲ್ಲಿದ್ದ ವಿಟಾಲೆ ಬ್ರಮಾನಿ ಬದುಕುಳಿದು, ಪಿರೆಲ್ಲಿ ಕಂಪನಿಯ ನೆರವಿನಿಂದ ವಿಬ್ರಾಮ್ ರಬ್ಬರ್ ಅಟ್ಟೆ ತಯಾರಿಸಿದರು. ಅದು ಹಿಮ, ಕೆಸರಿಗೆ ಹೊಂದುವ ಹಲ್ಲುಹಲ್ಲಿನ ಅಟ್ಟೆ. ಬೋಳು ಬಂಡೆಗೆ ಬೇಕಿದ್ದದ್ದು ಅದರ ತದ್ವಿರುದ್ಧ: ಹಲ್ಲೇ ಇಲ್ಲದ, ಪೂರ್ತಿ ನುಣುಪಾದ ರಬ್ಬರು. ಪ್ಯಾರಿಸ್ ಬಳಿಯ ಫಾಂಟೆನ್‌ಬ್ಲೋ ಕಾಡಿನ ಮರಳುಗಲ್ಲು ಹತ್ತುತ್ತಿದ್ದ ಪಿಯೆರ್ ಅಲೆನ್ 1930ರ ದಶಕದಲ್ಲೇ ಇದನ್ನು ಕಂಡುಕೊಂಡಿದ್ದರು. ಕ್ಯಾನ್ವಾಸ್ ಮೇಲ್ಭಾಗ, ನುಣುಪು ಅಟ್ಟೆ; ಅವರ ಹೆಸರಿನ ಮೊದಲಕ್ಷರಗಳಿಂದ ಅದು 'ಪಿಎ' ಆಯಿತು. ನಮ್ಮ ಕಾಲಿನ ಶೂಗಳಿಗೆಲ್ಲ ಮೂಲಪುರುಷ ಅಲೆನ್ ಎಂದೇ ನನ್ನ ನಂಬಿಕೆ.

ಆದರೂ ಆ ರಬ್ಬರು ಗಟ್ಟಿ. ಅದು ಮೆತ್ತಗಾದದ್ದು 1980ರ ದಶಕದ ಆರಂಭದಲ್ಲಿ, ಸ್ಪೇನಿನ ಬೋರಿಯಲ್ ಕಂಪನಿಯ 'ಫಿರೆ' ಶೂ ಬಂದಾಗ. ಬಂಡೆ ಹತ್ತುತ್ತಿದ್ದ ಜಾನ್ ಬಾಕರ್ ಅದನ್ನು ಅಮೆರಿಕದ ಯೋಸೆಮಿಟಿ ಕಣಿವೆಗೆ ತಂದರು. ಮೆತ್ತನೆಯ ರಬ್ಬರು ಭಾರ ಬಿದ್ದಾಗ ಗ್ರಾನೈಟಿನ ಹರಳುಗಳ ನಡುವಿನ ಸಣ್ಣ ತಗ್ಗುಗಳೊಳಗೆ ಇಳಿದು ಕೂರುತ್ತದೆ. ಹಿಡಿತವೆಲ್ಲ ಇರುವುದು ಅಲ್ಲಿ. ಆ ದಶಕದಲ್ಲೇ ಚಾರ್ಲ್ಸ್ ಕೋಲ್ ಅವರ ಫೈವ್ ಟೆನ್ ಕಂಪನಿಯ 'ಸ್ಟೆಲ್ತ್' ರಬ್ಬರು ಬಂತು. ಹಳೆಯ ಶೂವಿನ ಗಟ್ಟಿ ಅಟ್ಟೆ ಕಿತ್ತು ಇದನ್ನು ಅಂಟಿಸಿದರೆ, ಕಾಲಿಗೆ ಒಗ್ಗಿದ ಶೂ ಹಾಗೇ ಉಳಿದು ಹಿಡಿತ ಮಾತ್ರ ಹೊಸದಾಗುತ್ತಿತ್ತು. ಮೆತ್ತನೆಯದು ಬೇಗ ಸವೆಯುತ್ತದೆ. ಆದ್ದರಿಂದಲೇ ಅಟ್ಟೆ ಬದಲಿಸುವವರಿಗೆ ಕೈತುಂಬ ಕೆಲಸ.

ಅದು ನಾಜೂಕಿನ ಕೆಲಸ. ಹಳೆಯ ಅಟ್ಟೆಯನ್ನು ಬಿಸಿ ಮಾಡಿ ಅಂಟು ಸಡಿಲಿಸಿ ಮೆಲ್ಲನೆ ಎಳೆಯಬೇಕು. ಶೂವಿನ ತಳ, ಹೊಸ ಅಟ್ಟೆ ಎರಡರ ಮೈಯನ್ನೂ ಉಜ್ಜಿ ಒರಟಾಗಿಸಿ, ಅಂಟು ಬಳಿದು, ಒಣಗಲು ಬಿಡಬೇಕು. ಮತ್ತೆ ಬಿಸಿ ತಾಕಿಸಿ, ಕಾಲಿನಾಕಾರದ ಅಚ್ಚಿನ ಮೇಲೆ ಒತ್ತಿ ಕೂರಿಸಿ, ಅಂಚನ್ನು ಯಂತ್ರದಲ್ಲಿ ಸವರಬೇಕು. ಅಟ್ಟೆ ಬದಲಿಸುವವರನ್ನು ನಾನು ಅಳೆಯುವುದು ಹೆಬ್ಬೆರಳಿನ ತುದಿಯ ಅಂಚು ನೋಡಿ. ಅದು ಗುಂಡಾಗಿದ್ದರೆ ಸಣ್ಣ ಚಕ್ಕೆಗಳ ಮೇಲೆ ನಿಲ್ಲಲಾಗದು. ಬರೀ ಇಳಿಜಾರಿಗಾದರೆ ಮೆತ್ತನೆಯ ರಬ್ಬರನ್ನೇ ಕೇಳಿ ಹಾಕಿಸುತ್ತೇನೆ.

ಅಟ್ಟೆಯ ಮೇಲೆ ಬೆರಳುಗಳನ್ನು ಸುತ್ತುವ ತೆಳು ರಬ್ಬರ್ ಪಟ್ಟಿಗೆ ರ್‍ಯಾಂಡ್ ಎನ್ನುತ್ತಾರೆ. ಅದು ತೂತಾದರೆ ರಿಪೇರಿ ದುಬಾರಿ, ಕೆಲವೊಮ್ಮೆ ಶೂವೇ ಹೋಗುತ್ತದೆ. ಅಟ್ಟೆ ತೆಳುವಾಗಿ ಪಟ್ಟಿಗೆ ತಾಕುವ ಮೊದಲೇ ಕೊಟ್ಟುಬಿಡಿ.