ಉಟ್ಟು ಬಿಟ್ಟ ಬಟ್ಟೆಯ ಇತಿಹಾಸ: ಅರಸೀಕೆರೆಯಿಂದ ಬೇಲೂರಿಗೆ ಒಂದು ದಿನ

ಇವತ್ತಿನ ಕಂತಿನ ವಿಷಯ ಹಳೇ ಬಟ್ಟೆ. ರಾಜರ ಪೀತಾಂಬರ ಅಲ್ಲ, ನಮ್ಮ ನಿಮ್ಮ ಬೀರುವಿನಲ್ಲಿ ಮೂಲೆ ಸೇರಿರುವ ಸೀರೆ, ಪಂಚೆ, ಸ್ವೆಟರು. ಒಬ್ಬರು ಉಟ್ಟು ಬಿಟ್ಟ ಬಟ್ಟೆ ಇನ್ನೊಬ್ಬರ ಕೈಗೆ ಹೇಗೆ ಹೋಗುತ್ತೆ? ದಾನವಾಗಿಯೋ, ವಿನಿಮಯವಾಗಿಯೋ, ಮಾರಾಟವಾಗಿಯೋ? ಇದು ಸಣ್ಣ ಪ್ರಶ್ನೆ ಅನ್ನಿಸಬಹುದು. ಆದರೆ ನಮ್ಮಲ್ಲಿ ಇದರ ಮೇಲೆ ಶಾಸ್ತ್ರವೇ ಇದೆ. ಗಾಂಧೀಜಿಗೂ ಅವರ ಆಪ್ತ ಗೆಳೆಯರಿಗೂ ಇದೇ ವಿಷಯಕ್ಕೆ ಭಿನ್ನಾಭಿಪ್ರಾಯ ಬಂದಿತ್ತು.

ನನಗೆ ಈ ಪ್ರಶ್ನೆ ಎದುರಾಗಿದ್ದು ಅರಸೀಕೆರೆಯಲ್ಲಿ. ಒಂದು ಭಾನುವಾರ ಅಲ್ಲಿನ ಒಂದು ಸಣ್ಣ ಸಭಾಂಗಣದಲ್ಲಿ ಹಳೇ ಬಟ್ಟೆಗಳ ಮಾರಾಟ ಇತ್ತು. ಬಂದ ದುಡ್ಡು ಬಡ ಮಕ್ಕಳ ಓದಿಗೆ. ಉದ್ದನೆ ಮೇಜುಗಳ ಮೇಲೆ ಬಟ್ಟೆ ಮಡಚಿಟ್ಟಿದ್ದರು. ಒಂದು ಕಡೆ ಮಕ್ಕಳ ಫ್ರಾಕು, ಇನ್ನೊಂದು ಕಡೆ ಶರ್ಟು, ಪಂಚೆ. ಕೊನೇ ಮೇಜಿಗೆ ಮಾತ್ರ 'ವಿಂಟೇಜ್' ಅಂತ ಚೀಟಿ ಅಂಟಿಸಿದ್ದರು. ಅಲ್ಲಿ ಅಜ್ಜಿಯಂದಿರ ಕಾಲದ ಸೀರೆಗಳು, ತೋಳಿಗೆ ಲೇಸು ಇಟ್ಟ ರವಿಕೆಗಳು, ಮದುವೆ ಕೋಟುಗಳು.

ಅದರಲ್ಲಿ ಹಸಿರು ಬಣ್ಣದ ಒಂದು ಹಳೇ ಮೈಸೂರು ಸಿಲ್ಕ್ ಸೀರೆ ಇತ್ತು. ಮೈಸೂರಿನಲ್ಲಿ ರೇಷ್ಮೆ ನೇಯುವ ಕಾರ್ಖಾನೆ ಶುರುವಾಗಿದ್ದು 1912ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಇಂಥ ಹಳೇ ಸೀರೆಗಳು ಎಷ್ಟೋ ಮನೆಗಳಲ್ಲಿ ಉಳಿದಿಲ್ಲ. ಯಾಕೆ ಗೊತ್ತಾ? ಹಳೇ ಜರಿ ಕೊಳ್ಳುವವರು ಬಂದು ತೂಕ ಹಾಕಿ ತಗೊಂಡು ಹೋಗುತ್ತಿದ್ದರು. ಆಮೇಲೆ ಸೀರೆಯನ್ನು ಸುಟ್ಟು ಜರಿಯಲ್ಲಿದ್ದ ಬೆಳ್ಳಿ ತೆಗೆಯುತ್ತಿದ್ದರು. ಬೆಲೆ ಇದ್ದದ್ದು ಬೆಳ್ಳಿಗೆ, ನೇಯ್ಗೆಗಲ್ಲ. ಇವತ್ತು ಅದೇ ಸೀರೆಯನ್ನು ವಿಂಟೇಜ್ ಅಂತ ಹುಡುಕಿಕೊಂಡು ಬರುತ್ತಾರೆ.

ನನ್ನ ಗಮನ ಹೋಗಿದ್ದು ಮಾತ್ರ ಶರ್ಟಿನ ಮೇಜಿನ ಕಡೆಗೆ. ಹಳ್ಳಿಯಿಂದ ಬಂದಿದ್ದ ಒಬ್ಬ ಹೆಂಗಸು ಗಂಡನಿಗೆ ಅಂತ ಎರಡು ಶರ್ಟು ಆರಿಸಿ, 'ಏಟಪ್ಪಾ ಇದು?' ಅಂತ ಕೇಳಿದರು. ಅಲ್ಲಿ ನಿಂತಿದ್ದ ಹುಡುಗ ಅವರನ್ನು ನೋಡಿ, 'ನೀವು ಹಾಗೇ ತಗೊಂಡು ಹೋಗಿ ಅಮ್ಮ, ದುಡ್ಡು ಬೇಡ' ಅಂದ. ಒಳ್ಳೇ ಮನಸ್ಸಿನಿಂದಲೇ ಅಂದ. ಆ ತಾಯಿ ಶರ್ಟನ್ನು ಮೇಜಿನ ಮೇಲೆ ವಾಪಸ್ ಇಟ್ಟರು. 'ಸುಮ್ಕೆ ಆದ್ರೆ ಬ್ಯಾಡ ಕಣಪ್ಪ. ರೇಟ್ ಏಳು, ತಗತೀನಿ.' ಹುಡುಗ ಒಂದಕ್ಕೆ ಐವತ್ತು ಅಂದ. ಅವರು ನಲವತ್ತಕ್ಕೆ ಇಳಿಸಿ, ದುಡ್ಡು ಎಣಿಸಿ ಕೊಟ್ಟು ಹೋದರು.

ಆ 'ಬ್ಯಾಡ' ಅನ್ನೋ ಮಾತಿನ ಹಿಂದೆ ಒಂದು ದೊಡ್ಡ ಇತಿಹಾಸ ಇದೆ. ಮನುಸ್ಮೃತಿಯ 10ನೇ ಅಧ್ಯಾಯ ನೋಡಿ. ಸೇವೆ ಮಾಡುವ ಶೂದ್ರನಿಗೆ ಉಂಡು ಉಳಿದ ಅನ್ನ, ಹಳೇ ಬಟ್ಟೆ, ಜೊಳ್ಳು ಕಾಳು ಕೊಡಬೇಕು ಅಂತ ಅದು ಹೇಳುತ್ತೆ. ಚಂಡಾಲರಿಗಂತೂ ಸತ್ತವರ ಮೈಮೇಲಿನ ಬಟ್ಟೆ. ಅಂದರೆ ಹಳೇ ಬಟ್ಟೆ ಇಲ್ಲಿ ಬರೀ ಬಟ್ಟೆ ಅಲ್ಲ, ಯಾರು ಮೇಲು ಯಾರು ಕೀಳು ಅಂತ ತೋರಿಸುವ ಗುರುತು. ಧಣಿ ಉಟ್ಟು ಬಿಟ್ಟದ್ದನ್ನು ಆಳು ಕೈಯೊಡ್ಡಿ ತಗೋಬೇಕು. ಹಾಗೆ ತಗೊಂಡು ಬೆಳೆದ ಮನೆಯವರಿಗೆ 'ಸುಮ್ಮನೆ ತಗೋ' ಅನ್ನೋ ಮಾತು ಹೇಗೆ ಕೇಳಿಸುತ್ತೆ ಅಂತ ಯೋಚಿಸಿ.

ಈಗ 1921ಕ್ಕೆ ಬರೋಣ. ಜುಲೈ 31ರಂದು ಮುಂಬಯಿಯಲ್ಲಿ ಗಾಂಧೀಜಿ ವಿದೇಶಿ ಬಟ್ಟೆಯ ರಾಶಿಗೆ ಬೆಂಕಿ ಇಟ್ಟರು. ಅವರ ಗೆಳೆಯ ಸಿ.ಎಫ್. ಆಂಡ್ರೂಸ್‌ಗೆ ಇದು ತುಂಬಾ ನೋವು ಕೊಟ್ಟಿತು. ಸುಡುವ ಬದಲು ಬಡವರಿಗೆ ಕೊಡಬಾರದಿತ್ತೇ ಅನ್ನೋದು ಅವರ ಪ್ರಶ್ನೆ. ಮೈಮೇಲೆ ಬಟ್ಟೆ ಇಲ್ಲದ ಜನರ ಕಣ್ಣೆದುರು ಬಟ್ಟೆ ಸುಡುವುದನ್ನು ರವೀಂದ್ರನಾಥ ಟ್ಯಾಗೋರರೂ ಒಪ್ಪಲಿಲ್ಲ. ಗಾಂಧೀಜಿ ಯಂಗ್ ಇಂಡಿಯಾದಲ್ಲಿ ಉತ್ತರ ಬರೆದರು. ನಾವು ಉಡಲು ನಾಚಿಕೆಪಡುವ ಬಟ್ಟೆಯನ್ನು ಬಡವರಿಗೆ ಕೊಡುವುದು ಹೇಗೆ, ಬಡವರಿಗೂ ಸ್ವಾಭಿಮಾನ ಇರುವುದಿಲ್ಲವೇ ಅನ್ನೋದು ಅವರ ವಾದದ ಸಾರ. ಸುಟ್ಟಿದ್ದು ಸರಿಯೋ ತಪ್ಪೋ ಅಂತ ಇವತ್ತಿಗೂ ವಾದ ಮಾಡಬಹುದು. ಆದರೆ ಗಾಂಧೀಜಿ ಕೇಳಿದ ಆ ಪ್ರಶ್ನೆ ಅರಸೀಕೆರೆಯ ಆ ಮೇಜಿನ ಮೇಲೂ ಇತ್ತು.

ಮಧ್ಯಾಹ್ನ ಅಲ್ಲಿಂದ ಬಸ್ಸು ಹಿಡಿದು ಹಳೇಬೀಡಿಗೆ ಹೋದೆ. ಹಳೇಬೀಡು ಅಂದರೆ ಹಳೆಯ ಬೀಡು. ಹೊಯ್ಸಳರ ಕಾಲದಲ್ಲಿ ಅದು ದೋರಸಮುದ್ರ, ರಾಜಧಾನಿ. ಹಾಳಾದ ಮೇಲೆ ಅಂಟಿದ ಹೆಸರೇ ಉಳಿದುಬಿಟ್ಟಿತು. ಬೇಲೂರು, ಸೋಮನಾಥಪುರಗಳ ಜೊತೆಗೆ 2023ರಲ್ಲಿ ಹಳೇಬೀಡೂ ಯುನೆಸ್ಕೋ ಪಟ್ಟಿ ಸೇರಿತು. ನೋಡಿ, ಕಲ್ಲು ಹಳೆಯದಾದರೆ ಪರಂಪರೆ, ಬಟ್ಟೆ ಹಳೆಯದಾದರೆ ಮಸಿಬಟ್ಟೆ!

ಹೊಯ್ಸಳೇಶ್ವರ ಗುಡಿಯ ಗೋಡೆ ನೋಡುವಾಗ ನಾವು ಒಡವೆ ನೋಡುತ್ತೇವೆ, ಬಟ್ಟೆ ನೋಡುವುದಿಲ್ಲ. ಹತ್ತಿರ ಹೋದರೆ ತೊಡೆಯ ಮೇಲೆ, ಕಾಲಿನ ಹತ್ತಿರ ನೆರಿಗೆಯ ಸಣ್ಣ ಗೆರೆಗಳು ಕಾಣುತ್ತವೆ. ಅಷ್ಟು ತೆಳು ಬಟ್ಟೆಯನ್ನು ಕಲ್ಲಲ್ಲಿ ತೋರಿಸಿದ್ದಾರೆ. ನಮ್ಮ ಮಳೆ, ತೇವ, ಗೆದ್ದಲಿನ ಮಧ್ಯೆ ಹತ್ತಿ ಬಟ್ಟೆ ನೂರಾರು ವರ್ಷ ಬಾಳಲ್ಲ. ಮಧ್ಯಯುಗದ ಗುಜರಾತಿನ ಅಚ್ಚು ಬಟ್ಟೆಯ ತುಂಡುಗಳು ಸಿಕ್ಕಿರುವುದು ದೂರದ ಈಜಿಪ್ಟಿನ ಫುಸ್ತಾತ್‌ನಲ್ಲಿ, ಅಲ್ಲಿನ ಒಣ ಮಣ್ಣಿನ ಕೃಪೆಯಿಂದ.

ಬೇಲೂರು ಅಲ್ಲಿಂದ ಸುಮಾರು 16 ಕಿಲೋಮೀಟರ್. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ಗುಡಿ. ಅಲ್ಲಿ ಒಬ್ಬ ಮದನಿಕೆಯ ಸೀರೆಯನ್ನು ಕೋತಿ ಎಳೆಯುತ್ತಿದೆ. ಇನ್ನೊಬ್ಬಳು ಬಟ್ಟೆ ಬಿಚ್ಚಿ ಕೊಡವುತ್ತಿದ್ದಾಳೆ, ಕಾಲ ಬಳಿ ಚೇಳು. 1927ರಲ್ಲಿ ಖಾದಿ ನಿಧಿಗಾಗಿ ಮೈಸೂರು ಸಂಸ್ಥಾನ ಸುತ್ತುತ್ತಿದ್ದ ಗಾಂಧೀಜಿ ಬೇಲೂರಿಗೂ ಬಂದಿದ್ದರು. ಈ ಚೇಳಿನ ಶಿಲ್ಪ ಅವರ ಮನಸ್ಸಿನಲ್ಲಿ ಉಳಿಯಿತು. ಆ ಚೇಳು ಸೋತು ಬಿದ್ದ ಕಾಮ ಅಂತ ಅವರು ಆಮೇಲೆ ಅದನ್ನು ನೆನೆಸಿಕೊಂಡರು. ಇನ್ನೊಂದು ಮಾತು ಹೇಳಲೇಬೇಕು. ಅವರ ಸಭೆಗಳಲ್ಲಿ ಜನ ಕೊಟ್ಟ ಕಾಣಿಕೆಗಳನ್ನು ಅಲ್ಲೇ ಹರಾಜು ಹಾಕಿ ನಿಧಿಗೆ ಸೇರಿಸುವ ರೂಢಿ ಇತ್ತು. ಒಳ್ಳೇ ಕೆಲಸಕ್ಕೆ ಅಂತ ವಸ್ತು ಮಾರುವುದು ನಮಗೆ ಹೊಸದೇನಲ್ಲ.

ಅದೇ 1927ರ ಡಿಸೆಂಬರಿನಲ್ಲಿ ಮಹಾಡ್‌ನಲ್ಲಿ ಅಂಬೇಡ್ಕರ್ ದಲಿತ ಹೆಣ್ಣುಮಕ್ಕಳ ಮುಂದೆ ನಿಂತು ಬಟ್ಟೆಯ ಬಗ್ಗೆಯೇ ಮಾತಾಡಿದರು. ಜಾತಿ ಗುರುತಿಸುವ ಹಾಗೆ ಉಡಬೇಡಿ, ಮೇಲ್ಜಾತಿಯ ಹೆಂಗಸರು ಉಡುವ ಹಾಗೆ ಸೀರೆ ಉಡಿ, ಬಟ್ಟೆ ಹರಿದಿದ್ದರೂ ಪರವಾಗಿಲ್ಲ, ಶುಭ್ರವಾಗಿರಲಿ ಅಂದರು. ಹರಿದ ಬಟ್ಟೆ ಅವಮಾನ ಅಲ್ಲ. ಇನ್ನೊಬ್ಬರು ಹಚ್ಚಿದ ಗುರುತು ಅವಮಾನ.

ಹಾಗಂತ ಹಳೇ ಬಟ್ಟೆಯ ಜೊತೆ ನಮ್ಮ ಸಂಬಂಧ ಬರೀ ಅವಮಾನದ್ದಲ್ಲ. ಎಳೇ ಕೂಸನ್ನು ಮೊದಲು ಸುತ್ತುವುದು ಮೆತ್ತಗಾದ ಹಳೇ ಹತ್ತಿ ಸೀರೆಯಲ್ಲೇ. ಅಜ್ಜಿಯ ಸೀರೆ ಕೌದಿಯಾಗುತ್ತೆ, ಕೌದಿ ಹರಿದರೆ ಒರೆಸುಬಟ್ಟೆ, ಕೊನೆಗೆ ದೀಪದ ಬತ್ತಿ. ಬೀದಿಯಲ್ಲಿ 'ಹಳೇ ಬಟ್ಟೆಗೆ ಪಾತ್ರೇ' ಅಂತ ಕೂಗಿಕೊಂಡು ಬರುವ ಹೆಂಗಸಿನ ಜೊತೆ ನಮ್ಮ ತಾಯಂದಿರು ಎರಡು ಸೀರೆಗೆ ಒಂದು ಸ್ಟೀಲ್ ಡಬ್ಬಿ ಅಂತ ಅರ್ಧ ಗಂಟೆ ಚೌಕಾಸಿ ಮಾಡುತ್ತಿದ್ದರು. ಅಲ್ಲಿ ಕೊಡುವವರೂ ತಗೊಳ್ಳುವವರೂ ಸಮ. 1999ರಲ್ಲಿ ದೆಹಲಿಯಲ್ಲಿ ಅಂಶು ಗುಪ್ತಾ ಶುರು ಮಾಡಿದ ಗೂಂಜ್ ಸಂಸ್ಥೆಯೂ ಇದೇ ದಾರಿ ಹಿಡಿಯಿತು. ಹಳ್ಳಿಯ ಜನ ತಮ್ಮೂರಿಗೆ ಬೇಕಾದ ಕೆಲಸ ತಾವೇ ಮಾಡುತ್ತಾರೆ, ಬಟ್ಟೆ ಆ ದುಡಿಮೆಗೆ ಸಿಗುವ ಪ್ರತಿಫಲ. ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಹಾಗಾಗಿ ಮುಂದಿನ ಸಲ ಬೀರು ಖಾಲಿ ಮಾಡುವಾಗ ಒಂದು ಕೆಲಸ ಮಾಡಿ. ಬಟ್ಟೆ ಒಗೆದು, ಬಿದ್ದ ಗುಂಡಿ ಹೊಲಿದು, ಇಸ್ತ್ರಿ ಮಾಡಿ ಕೊಡಿ. ಮಾರಾಟಕ್ಕೆ ಇಟ್ಟರೆ ಚೀಟಿಯ ಮೇಲೆ ಬೆಲೆ ಬರೆಯಿರಿ, ನಲವತ್ತು ರೂಪಾಯಿ ಆದರೂ ಸರಿ. ಬೆಲೆ ಇದ್ದರೆ ಚೌಕಾಸಿ ಮಾಡಬಹುದು, ಬಣ್ಣ ಸರಿ ಇಲ್ಲ ಅನ್ನಬಹುದು, ಬೇಡ ಅಂತ ಬಿಟ್ಟು ಹೋಗಬಹುದು. ದಾನ ತಗೊಳ್ಳುವವರಿಗೆ ಇದ್ಯಾವುದೂ ಇರುವುದಿಲ್ಲ.