ತೊಟ್ಟಿಲು ಮತ್ತು ಮರಣದ ದಾಖಲೆ: ಶಿಶುಶಯನದ ಇತಿಹಾಸಕ್ಕೊಂದು ಪೀಠಿಕೆ

ಅಂಕೋಲೆಯ ಹೆಸರನ್ನೆತ್ತಿದೊಡನೆ ಇತಿಹಾಸದ ವಿದ್ಯಾರ್ಥಿಗೆ 1930ರ ಉಪ್ಪಿನ ಸತ್ಯಾಗ್ರಹವೂ ಅದರ ಬೆನ್ನಿಗೆ ಬಂದ ಕರನಿರಾಕರಣೆಯೂ ನೆನಪಾಗುತ್ತವೆ. ಆ ಚರಿತ್ರೆಯು ಬಹುಮಟ್ಟಿಗೆ ಬರೆಯಲ್ಪಟ್ಟಿದೆ. ಆದರೆ ಅದೇ ಅಂಕೋಲೆಯ ನೆರೆಯಲ್ಲಿರುವ ಬೊಬ್ರುವಾಡದಂಥ ಊರಿನಲ್ಲಿ, ಬಾಣಂತಿಯ ಕೋಣೆಯೊಳಗೆ, ಕೂಸನ್ನು ಹೇಗೆ ಮಲಗಿಸುತ್ತಿದ್ದರು, ಹಾಗೆ ಮಲಗಿಸಲು ಕಾರಣವೇನು, ಮಲಗಿಸಿದ ಮೇಲೆ ಯಾವುದಕ್ಕೆ ಅಂಜುತ್ತಿದ್ದರು ಎಂಬ ಪ್ರಶ್ನೆಗಳು ಇತಿಹಾಸಕಾರರ ಗಮನವನ್ನು ಅಷ್ಟಾಗಿ ಸೆಳೆದಿಲ್ಲ. ವಿಷಯವು ಕ್ಷುಲ್ಲಕವೆಂದು ಕೆಲವರಿಗೆ ತೋರಬಹುದು. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಈ ಪ್ರಶ್ನೆಗೆ ವಿದ್ವಾಂಸರು ಕೊಟ್ಟ ತಪ್ಪು ಉತ್ತರದಿಂದ ಹತ್ತಾರು ಸಾವಿರ ಶಿಶುಗಳು ಮಡಿದುವು ಎಂಬುದನ್ನು ತಿಳಿದವರು ಇದನ್ನು ಕ್ಷುಲ್ಲಕವೆನ್ನಲಾರರು.

ಮೊದಲು ನಮ್ಮ ಮನೆಗಳ ರೂಢಿಯನ್ನು ನೋಡೋಣ. ಕರಾವಳಿಯಲ್ಲಿಯೂ ಘಟ್ಟದ ಮೇಲೆಯೂ ಎಳೆಗೂಸನ್ನು ಸಾಮಾನ್ಯವಾಗಿ ಅಂಗಾತವಾಗಿಯೇ ಮಲಗಿಸುತ್ತಾರೆ. ಹಾಸು ಹಳೆಯ ಸೀರೆಗಳನ್ನು ಮಡಿಸಿ ಹೊಲಿದದ್ದು. ತಲೆ ದುಂಡಗಾಗಲೆಂದು ಸಾಸಿವೆ ತುಂಬಿದ ಸಣ್ಣ ದಿಂಬು. ತೊಟ್ಟಿಲಿಲ್ಲದ ಮನೆಯಲ್ಲಿ ತೊಲೆಗೆ ಕಟ್ಟಿದ ಸೀರೆಯ ಜೋಲಿ. ಕೂಸು ತಾನಾಗಿ ಬೋರಲು ಬಿದ್ದ ದಿನ ಸಿಹಿ ಮಾಡುವ ಮನೆಗಳುಂಟು. ಎಂದರೆ ಬೋರಲಾಗುವುದು ಕೂಸಿನ ಸಾಧನೆಯೇ ಹೊರತು ಹಿರಿಯರು ಮಲಗಿಸುವ ಕ್ರಮವಲ್ಲ. ಹೀಗೇಕೆ ಎಂದು ಕೇಳಿದರೆ ‘ಮೊದಲಿನಿಂದ ಹಾಗೆಯೇ’ ಎಂಬುದಕ್ಕಿಂತ ಹೆಚ್ಚಿನ ಉತ್ತರ ದೊರೆಯುವುದಿಲ್ಲ. ಹಿರಿಯರ ಅಂಜಿಕೆಯೆಲ್ಲ ಬೇರೆಯ ಕಡೆಗಿತ್ತು. ಶೀತಗಾಳಿ, ದೃಷ್ಟಿದೋಷ, ಆರನೆಯ ರಾತ್ರಿ, ಇವೇ ಅವರ ಭಯಗಳು. ಹಾಸಿಗೆಯ ಬದಿಗಿಟ್ಟ ಕಬ್ಬಿಣದ ಕತ್ತಿಯೂ ಸಂಜೆಯ ಧೂಪವೂ ಅವುಗಳಿಗೆ ಪರಿಹಾರ.

ಈ ಭಯವು ಇಂದು ನಿನ್ನೆಯದಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರವು ಶಿಶುಗಳನ್ನು ಪೀಡಿಸುವ ಒಂಬತ್ತು ಬಾಲಗ್ರಹಗಳನ್ನು ಹೇಳುತ್ತದೆ. ಸ್ಕಂದನ ಹೆಸರು ಅವುಗಳಲ್ಲಿ ಮೊದಲನೆಯದು. ಇದೇ ಜಿಲ್ಲೆಯ ಬನವಾಸಿಯಿಂದ ಆಳಿದ ಕದಂಬರು ತಮ್ಮ ಶಾಸನಗಳಲ್ಲಿ ಸ್ವಾಮಿ ಮಹಾಸೇನನನ್ನೂ ಮಾತೃಗಣವನ್ನೂ ಸ್ಮರಿಸಿರುವುದು ಸುಪ್ರಸಿದ್ಧವಾಗಿದೆ. ಅರಸರಿಗೆ ಅಭ್ಯುದಯವನ್ನು ಕೊಡುವ ಆ ದೇವತೆಗಳೇ ತೊಟ್ಟಿಲ ಬಳಿ ಪೀಡಕರೂ ರಕ್ಷಕರೂ ಆಗಿದ್ದರೆಂಬುದು ಗಮನಾರ್ಹ. ಹಾಗೆಂದು ನಮ್ಮ ವೈದ್ಯಗ್ರಂಥಗಳು ಗ್ರಹಗಳ ಮಾತನ್ನಷ್ಟೇ ಆಡಿ ಸುಮ್ಮನಾಗಲಿಲ್ಲ. ಮಲಗಿದ ಶಿಶುವನ್ನು ಥಟ್ಟನೆ ಎಬ್ಬಿಸಬಾರದು, ಅಕಾಲದಲ್ಲಿ ಕುಳ್ಳಿರಿಸಬಾರದು ಎಂದು ಸುಶ್ರುತನು ಕಾರಣಸಹಿತವಾಗಿ ಹೇಳುತ್ತಾನೆ. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಕುಮಾರಾಗಾರದ, ಎಂದರೆ ಶಿಶುವಿನ ಕೋಣೆಯ, ಗಾಳಿ ಬೆಳಕು ಹಾಸಿಗೆಗಳ ವಿವರಣೆಯಿದೆ.

ಇನ್ನು ಆಧುನಿಕ ದಾಖಲೆಗಳ ಮಾತು. ಉತ್ತರ ಕನ್ನಡವು 1862ರಲ್ಲಿ ಮದರಾಸು ಆಧಿಪತ್ಯದಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿತು. 1883ರಲ್ಲಿ ಜೇಮ್ಸ್ ಕ್ಯಾಂಬೆಲ್ಲನ ಸಂಪಾದಕತ್ವದಲ್ಲಿ ಹೊರಬಂದ ಕೆನರಾ ಗ್ಯಾಝೆಟಿಯರು ಇಲ್ಲಿಯ ಜಾತಿಜಾತಿಗಳ ಆಚಾರಗಳನ್ನು ವರ್ಣಿಸುವಾಗ ಹುಟ್ಟಿನ ವಿಧಿಗಳನ್ನೂ ನಾಮಕರಣವನ್ನೂ ಹೇಳುತ್ತದೆ. ಅದು ವಿಧಿಗಳ ದಾಖಲೆ. ನಿತ್ಯದ ನಿದ್ದೆಯ ದಾಖಲೆಯಲ್ಲ. ಮರಣದ ಲೆಕ್ಕವೇನೋ ಇತ್ತು. ಆದರೆ ಆ ಕಾಲದ ಸರಕಾರದ ಆರೋಗ್ಯ ವರದಿಗಳಲ್ಲಿ ಸಾವಿಗಿದ್ದ ಕಲಮುಗಳು ಕೆಲವೇ: ಕಾಲರಾ, ಸಿಡುಬು, ಜ್ವರ, ಹೊಟ್ಟೆಯ ಬೇನೆ, ಶ್ವಾಸದ ಬೇನೆ, ಅಪಘಾತ, ಇತರ. ಆರೋಗ್ಯವಾಗಿ ಮಲಗಿದ್ದ ಕೂಸೊಂದು ಬೆಳಗಿನಲ್ಲಿ ಏಳದೇ ಹೋದರೆ ಅದನ್ನು ಬರೆಯಲು ಪ್ರತ್ಯೇಕ ಕಲಮಿರಲಿಲ್ಲ. ‘ಜ್ವರ’ವೆಂದೋ ‘ಇತರ’ವೆಂದೋ ಬರೆಯಬೇಕಾಗುತ್ತಿತ್ತು. ಆದುದರಿಂದ ದಾಖಲೆಯ ಮೌನವನ್ನು ನೋಡಿ ಅಂಥ ಸಾವು ನಮ್ಮಲ್ಲಿರಲಿಲ್ಲವೆಂದು ತೀರ್ಮಾನಿಸುವುದು ಸಾಧುವಲ್ಲ.

ಕಲಮಿದ್ದ ದೇಶದಲ್ಲಿ ಏನಾಯಿತೆಂಬುದನ್ನು ಇದರೊಡನೆ ಹೋಲಿಸಬೇಕು. ಬ್ರಿಟನ್ನಿನಲ್ಲಿ ತಾಯಿಯು ನಿದ್ದೆಯಲ್ಲಿ ಶಿಶುವಿನ ಮೇಲೆ ಹೊರಳಿ ಉಸಿರು ಕಟ್ಟಿಸಿದಳೆಂಬ ಕಾರಣವು ಬಹುಕಾಲದಿಂದ ದಾಖಲಾಗುತ್ತಿತ್ತು. 1892ರಲ್ಲಿ ಸ್ಕಾಟ್ಲೆಂಡಿನ ಡಂಡೀ ನಗರದ ವೈದ್ಯ ಟೆಂಪಲ್‌ಮನ್ ಇಂಥ 258 ಸಾವುಗಳನ್ನು ಪರಿಶೀಲಿಸಿ, ಶನಿವಾರದ ರಾತ್ರಿಗಳಲ್ಲಿ ಅವು ಹೆಚ್ಚೆಂದು ತೋರಿಸಿ, ಕುಡಿತವನ್ನೂ ಇಕ್ಕಟ್ಟಾದ ವಸತಿಯನ್ನೂ ದೂಷಿಸಿದನು. 1908ರ ಮಕ್ಕಳ ಶಾಸನವು ಕುಡಿದು ಶಿಶುವಿನೊಡನೆ ಮಲಗಿ ಅದರ ಸಾವಿಗೆ ಕಾರಣರಾಗುವುದನ್ನು ಅಪರಾಧವೆಂದು ಸಾರಿತು. ಬಡತಾಯಂದಿರ ಮೇಲೆ ಹೊರಿಸಿದ ಈ ದೋಷದಲ್ಲಿ ಎಷ್ಟು ನ್ಯಾಯವಿತ್ತೆಂಬುದು ಬೇರೆ ಮಾತು. ಸಾವಿನ ಎಣಿಕೆಯಂತೂ ಪ್ರಾರಂಭವಾಯಿತು.

ಅನಂತರ ಬಂದದ್ದು ವಿಪರ್ಯಾಸ. 1946ರಲ್ಲಿ ಅಮೆರಿಕದ ಡಾಕ್ಟರ್ ಸ್ಪಾಕ್ ಬರೆದ ಶಿಶುಪಾಲನೆಯ ಪುಸ್ತಕವು ಮೊದಲು ಅಂಗಾತ ಮಲಗಿಸುವುದನ್ನೇ ಹೇಳುತ್ತಿತ್ತು. 1950ರ ದಶಕದ ನಡುವಿನಲ್ಲಿ ಅದು ಬೋರಲು ಭಂಗಿಯ ಪರವಾಗಿ ತಿರುಗಿತು. ಅಂಗಾತ ಮಲಗಿದ ಶಿಶು ವಾಂತಿ ಮಾಡಿಕೊಂಡರೆ ಉಸಿರುಗಟ್ಟಬಹುದು, ತಲೆ ಚಪ್ಪಟೆಯಾಗಬಹುದು ಎಂಬುವು ಅದಕ್ಕೆ ಕೊಟ್ಟ ಕಾರಣಗಳು. ಕಾರಣಗಳು ಕೇಳಲು ಸಮಂಜಸವಾಗಿದ್ದುವು, ಪರೀಕ್ಷೆಗೆ ಮಾತ್ರ ಒಳಗಾಗಿರಲಿಲ್ಲ. ಅಂಗಾತ ಮಲಗಿದಾಗ ಶ್ವಾಸನಾಳವು ಅನ್ನನಾಳದ ಮೇಲಿರುವುದರಿಂದ ಕಕ್ಕಿದ್ದು ಉಸಿರಿನ ದಾರಿಗೆ ಸುಲಭವಾಗಿ ಇಳಿಯುವುದಿಲ್ಲ. ಆದರೂ ಪಾಶ್ಚಾತ್ಯ ದೇಶಗಳಲ್ಲಿ ಲಕ್ಷಾಂತರ ಮನೆಗಳು ಆ ಉಪದೇಶವನ್ನು ಶಿರಸಾವಹಿಸಿದುವು.

1969ರಲ್ಲಿ ಸಿಯಾಟಲ್ ನಗರದ ಸಮ್ಮೇಳನದಲ್ಲಿ ‘ಶಿಶುವಿನ ಹಠಾತ್ ಮರಣ’ಕ್ಕೆ ಒಂದು ನಿಶ್ಚಿತ ಲಕ್ಷಣವನ್ನು ಗೊತ್ತುಮಾಡಿದರು. ಹೆಸರು ಬಂದ ಮೇಲೆ ಎಣಿಕೆ, ಎಣಿಕೆಯ ಮೇಲೆ ಹೋಲಿಕೆ ಸಾಧ್ಯವಾಯಿತು. 1985ರಲ್ಲಿ ಡೇವಿಸ್ ಎಂಬ ವೈದ್ಯನು ಹಾಂಗ್‌ಕಾಂಗಿನ ಚೀನೀ ಮನೆಗಳಲ್ಲಿ ಇಂಥ ಮರಣವು ವಿರಳವೆಂದೂ ಅಲ್ಲಿಯ ಶಿಶುಗಳು ಅಂಗಾತ ಮಲಗುವುವೆಂದೂ ಬರೆದನು. ನೆದರ್ಲೆಂಡ್ಸ್ 1987ರಲ್ಲಿಯೂ, ನ್ಯೂಜಿಲೆಂಡ್ ಮತ್ತು ಇಂಗ್ಲೆಂಡುಗಳು 1991ರಲ್ಲಿಯೂ, ಅಮೆರಿಕವು 1994ರಲ್ಲಿಯೂ ಅಂಗಾತ ಮಲಗಿಸುವ ಪ್ರಚಾರವನ್ನು ಕೈಗೊಂಡುವು. ಅಮೆರಿಕದಲ್ಲಿ ಇಂಥ ಮರಣಗಳು ಹತ್ತು ವರ್ಷಗಳೊಳಗೆ ಅರ್ಧದಷ್ಟು ಇಳಿದುವು. 2005ರಲ್ಲಿ ರೂತ್ ಗಿಲ್ಬರ್ಟ್ ಮತ್ತು ಸಂಗಡಿಗರು ಹಳೆಯ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿ, 1970ರ ಹೊತ್ತಿಗೇ ಸಾಕಷ್ಟು ಸಾಕ್ಷ್ಯವಿತ್ತೆಂದೂ, ಅದನ್ನು ಆಗಲೇ ಓದಿದ್ದರೆ ಬ್ರಿಟನ್ನಿನಲ್ಲಿ 10,000ಕ್ಕೂ ಹೆಚ್ಚು, ಯೂರೋಪು ಅಮೆರಿಕ ಆಸ್ಟ್ರೇಲಿಯಾ ಭಾಗಗಳಲ್ಲಿ ಕಡಿಮೆಯೆಂದರೆ 50,000 ಶಿಶುಗಳು ಉಳಿಯಬಹುದಾಗಿತ್ತೆಂದೂ ಅಂದಾಜುಮಾಡಿದರು. ಸಾಕ್ಷ್ಯವಿದ್ದೂ ಯಾರೂ ಒಟ್ಟುಗೂಡಿಸದೆ ಹೋದ ಇಪ್ಪತ್ತು ವರ್ಷಗಳ ಬೆಲೆ ಇದು.

ಇದನ್ನೋದಿ ‘ನಮ್ಮ ಅಜ್ಜಿಯಂದಿರೇ ಬಲ್ಲವರು’ ಎಂದು ಹೆಮ್ಮೆಪಡುವುದು ಸುಲಭ. ಆದರೆ ರೂಢಿಯ ಒಂದು ಅಂಶ ಸರಿಯಾಗಿದ್ದ ಮಾತ್ರಕ್ಕೆ ಎಲ್ಲವೂ ಸರಿಯೆನ್ನಲಾಗದು. ಮುಚ್ಚಿದ ಕೋಣೆಯ ಹೊಗೆ ಎಳೆಯ ಶ್ವಾಸಕೋಶಕ್ಕೆ ಹಿತವಲ್ಲ. ಸಾಸಿವೆಯ ದಿಂಬೇ ಆಗಲಿ ಮತ್ತೊಂದಾಗಲಿ, ಮೊದಲ ವರ್ಷದಲ್ಲಿ ದಿಂಬು ಬೇಡವೆಂದೂ ಹಾಸು ಗಟ್ಟಿಯಾಗಿ ಸಮತಟ್ಟಾಗಿರಬೇಕೆಂದೂ ಇಂದಿನ ವೈದ್ಯರ ಮತ. ಜೋಲಿಯ ಬಾಗಿದ ಒಡಲಿನಲ್ಲಿ ಕೂಸಿನ ಗದ್ದ ಎದೆಗೆ ಒತ್ತಿ ಉಸಿರಿನ ದಾರಿ ಕಿರಿದಾಗಬಹುದು; ದೊಡ್ಡ ಮಕ್ಕಳು ಆಡುತ್ತ ಸೀರೆಯ ಜೋಲಿಯಲ್ಲಿ ಕೊರಳು ಸಿಕ್ಕಿ ಸತ್ತ ಪ್ರಸಂಗಗಳು ಭಾರತದ ನ್ಯಾಯವೈದ್ಯಕ ಸಾಹಿತ್ಯದಲ್ಲಿವೆ. ವಿಚಿತ್ರವೆಂದರೆ, ತಲೆ ಚಪ್ಪಟೆಯಾದೀತೆಂಬ ಒಂದೇ ಚಿಂತೆಯು ನಮ್ಮ ಅಜ್ಜಿಯಿಂದ ಸಾಸಿವೆಯ ದಿಂಬನ್ನು ಹೊಲಿಸಿತು, ಅಮೆರಿಕದ ತಾಯಿಯಿಂದ ಕೂಸನ್ನು ಬೋರಲು ಹಾಕಿಸಿತು. ಕಾರಣವನ್ನರಿಯದ ರೂಢಿಯೂ ಪರೀಕ್ಷೆಯಿಲ್ಲದ ಶಾಸ್ತ್ರವೂ ಒಂದೇ ಬಗೆಯಲ್ಲಿ ದುರ್ಬಲ: ಮೊದಲನೆಯದು ತನ್ನ ಸರಿಯನ್ನು ಸಮರ್ಥಿಸಿಕೊಳ್ಳಲಾರದು, ಎರಡನೆಯದು ತನ್ನ ತಪ್ಪನ್ನು ಕಾಣಲಾರದು. ಇವೆರಡನ್ನೂ ತಿದ್ದಬಲ್ಲದ್ದು ದಾಖಲೆಯೊಂದೇ.

ಆ ದಾಖಲೆಯ ಸ್ಥಿತಿ ನಮ್ಮಲ್ಲಿ ಇಂದಿಗೂ ತೃಪ್ತಿಕರವಲ್ಲ. ಜನನ ಮರಣಗಳ ನೋಂದಣಿ ಶಾಸನವು 1969ರಲ್ಲಿ ಬಂದಿತು. ಮಾದರಿ ನೋಂದಣಿಯ ಲೆಕ್ಕದಂತೆ 2020ರಲ್ಲಿ ಕರ್ನಾಟಕದ ಶಿಶುಮರಣವು ಸಾವಿರಕ್ಕೆ 19, ದೇಶದ್ದು 28. ಇದು ದೊಡ್ಡ ಸುಧಾರಣೆಯೇ. ಆದರೆ ಅದೇ ವರ್ಷ ದೇಶದಲ್ಲಿ ನೋಂದಾಯಿತವಾದ ಮರಣಗಳಲ್ಲಿ ವೈದ್ಯರು ಕಾರಣವನ್ನು ದೃಢೀಕರಿಸಿದ್ದು ಸುಮಾರು ಶೇಕಡ 22ರಷ್ಟನ್ನು ಮಾತ್ರ. ನಿದ್ದೆಯಲ್ಲಿ ಹೋದ ಕೂಸಿಗೆ ಈಗಲೂ ನಮ್ಮ ಲೆಕ್ಕದಲ್ಲಿ ಸರಿಯಾದ ಸ್ಥಾನವಿಲ್ಲ.

ಆದುದರಿಂದ ಬರೆದ ದಾಖಲೆಯಿಲ್ಲದಲ್ಲಿ ನೆನಪಿನ ದಾಖಲೆಯನ್ನಾದರೂ ಕೂಡಿಡಬೇಕು. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರು 2025ರಲ್ಲಿ ತೀರಿಕೊಂಡಾಗ ಹಾಲಕ್ಕಿ ಹಾಡುಗಳ ಒಂದು ಭಂಡಾರವೇ ಬರಿದಾಯಿತೆಂದು ನಾಡು ಮರುಗಿತು. ಹಾಡನ್ನು ಕೇಳಿ ಬರೆದುಕೊಂಡವರಿದ್ದರು. ಹಾಡುವಾಗ ಕೂಸು ತೊಟ್ಟಿಲಲ್ಲಿ ಯಾವ ಭಂಗಿಯಲ್ಲಿತ್ತು, ಎಷ್ಟು ಕೂಸುಗಳು ಏಳದೇ ಹೋದುವು ಎಂದು ಹಳೆಯ ತಾಯಂದಿರನ್ನೂ ಸೂಲಗಿತ್ತಿಯರನ್ನೂ ಕೇಳಿ ಬರೆಯುವವರು ಇನ್ನು ಹುಟ್ಟಬೇಕಾಗಿದೆ. ನಡುರಾತ್ರಿ ಎದ್ದು ಮಲಗಿದ ಕೂಸಿನ ಮೂಗಿನ ಬಳಿ ಬೆರಳಿಟ್ಟು ಉಸಿರನ್ನು ಪರೀಕ್ಷಿಸದ ತಾಯ್ತಂದೆಗಳು ಯಾವ ಕಾಲದಲ್ಲಿಯೂ ಇದ್ದಿರಲಾರರು. ಈ ಲೇಖಕನೂ ಅದಕ್ಕೆ ಹೊರತಲ್ಲ. ಅಷ್ಟು ಹಳೆಯದಾದ, ಅಷ್ಟು ಸಾರ್ವತ್ರಿಕವಾದ ಆತಂಕಕ್ಕೂ ಒಂದು ಇತಿಹಾಸವುಂಟೆಂದು ನಮ್ಮ ಯುವ ಸಂಶೋಧಕರು ಮನಗಂಡು ಬೊಬ್ರುವಾಡದಂಥ ಊರುಗಳ ಹಿರಿಯ ಹೆಂಗಸರ ಬಳಿಗೆ ಹೋದರೆ ಈ ಪೀಠಿಕೆಯು ಸಾರ್ಥಕವಾದೀತು.