ಸಿಗರೇಟ್ ಕಾರ್ಖಾನೆಯ ಶಾಲೆ, ಕಾಫಿ ತೋಟದ ಮಕ್ಕಳು

ಇವತ್ತಿನ ಸಂಚಿಕೆ ಒಂದು ಶಾಲೆಯ ಇತಿಹಾಸದ ಬಗ್ಗೆ. ಆದ್ರೆ ಶುರು ಮಾಡೋದು ನನ್ನ ಶಾಲೆಯಿಂದಲೇ.

ಮೂಡಿಗೆರೆ ಕಡೆಯ ಒಂದು ಸಣ್ಣ ಶಾಲೆ. ನಾನು ನಾಲ್ಕನೇ ಕ್ಲಾಸು. ನನ್ನ ಪಕ್ಕ ಕೂರ್ತಿದ್ದ ಹುಡುಗ ತೋಟದ ಲೈನ್ ಮನೆಯಿಂದ ಬರ್ತಿದ್ದ. ಅವನಿಗೆ ಮಗ್ಗಿ ಬರ್ತಿರಲಿಲ್ಲ. ಆದ್ರೆ ಕೂಗು ಕೇಳಿದ್ರೆ ಸಾಕು, ಅದು ಯಾವ ಹಕ್ಕಿ ಅಂತ ಹೇಳ್ತಿದ್ದ. ಸೀಮೆಸುಣ್ಣ ಸಿಕ್ಕಿದ್ರೆ ಅದೇ ಹಕ್ಕೀನ ನೆಲದ ಮೇಲೆ ಬರೆದು ತೋರಿಸ್ತಿದ್ದ. ಡಿಸೆಂಬರ್ ಬಂತು ಅಂದ್ರೆ ಅವನು ಮಾಯ. ಹಣ್ಣು ಕುಯ್ಲು ನೋಡಿ. ಅಪ್ಪ ಅಮ್ಮ ಇಬ್ರೂ ತೋಟಕ್ಕೆ ಹೋದ್ರೆ ಪುಟ್ಟ ತಂಗೀನ ನೋಡ್ಕೊಳ್ಳೋರು ಬೇಕಲ್ಲ. ಫೆಬ್ರವರಿ ಕೊನೆಗೆ ವಾಪಸ್ ಬಂದಾಗ ಪಾಠ ಬಹಳ ಮುಂದೆ ಹೋಗಿತ್ತು. ಅವನನ್ನ ಕೊನೇ ಬೆಂಚಿಗೆ ಕಳಿಸಿದ್ರು. ಐದನೇ ಕ್ಲಾಸಿಗೆ ಅವನು ಬರಲೇ ಇಲ್ಲ.

ವರ್ಷಗಳಾದ ಮೇಲೆ ಬೆಂಗಳೂರಿನಲ್ಲಿ ‘ವಾಲ್ಡಾರ್ಫ್ ಶಿಕ್ಷಣ’ ಅನ್ನೋ ಮಾತು ಮೊದಲ ಸಲ ನನ್ನ ಕಿವಿಗೆ ಬಿತ್ತು. ಮರದ ಆಟಿಕೆ, ಜೇನುಮೇಣದ ಕ್ರಯಾನ್, ಪರೀಕ್ಷೆ ಇಲ್ಲದ ತರಗತಿ. ಕೇಳೋಕೆ ಚೆಂದ. ಫೀಸು ಕೇಳಿದ ಮೇಲೆ, ಇದು ದುಡ್ಡಿರೋರ ಮಕ್ಕಳಿಗೆ ಅಂತ ಅಂದ್ಕೊಂಡು ಸುಮ್ಮನಾದೆ. ಆಮೇಲೆ ಇತಿಹಾಸ ಓದಿದೆ. ನಾನು ಅಂದ್ಕೊಂಡಿದ್ದು ತಲೆಕೆಳಗಾಯ್ತು.

1919. ಜರ್ಮನಿಯ ಸ್ಟಟ್‌ಗಾರ್ಟ್ ನಗರ. ಮೊದಲ ಮಹಾಯುದ್ಧದಲ್ಲಿ ದೇಶ ಸೋತಿದೆ, ಚಕ್ರವರ್ತಿ ಸಿಂಹಾಸನ ಬಿಟ್ಟು ಹೋಗಿದ್ದಾನೆ. ಅಲ್ಲಿ ವಾಲ್ಡಾರ್ಫ್ ಆಸ್ಟೋರಿಯಾ ಅನ್ನೋ ಹೆಸರಿನ ಸಿಗರೇಟ್ ಕಾರ್ಖಾನೆ. ಹೌದು, ಸಿಗರೇಟ್! ಇವತ್ತು ಜಗತ್ತಿನಾದ್ಯಂತ 1,000ಕ್ಕೂ ಹೆಚ್ಚು ಶಾಲೆಗಳು ಹೊತ್ತಿರೋ ಹೆಸರು ಬಂದಿದ್ದು ಅಲ್ಲಿಂದ. ಕಾರ್ಖಾನೆಯ ಮುಖ್ಯಸ್ಥ ಎಮಿಲ್ ಮೋಲ್ಟ್. ಆ ಏಪ್ರಿಲ್‌ನಲ್ಲಿ ಅವರು ಆಸ್ಟ್ರಿಯಾದ ಚಿಂತಕ ರುಡಾಲ್ಫ್ ಸ್ಟೈನರ್ ಅವರನ್ನ ಕರೆಸಿ ಕಾರ್ಮಿಕರ ಮುಂದೆ ಮಾತಾಡಿಸಿದ್ರು. ಆಗಿನ ಯುರೋಪಿನಲ್ಲಿ ಬಡವರ ಮಕ್ಕಳು ಕೆಲವು ವರ್ಷ ಓದಿ ಕೆಲಸಕ್ಕೆ ಸೇರೋದು, ಉಳ್ಳವರ ಮಕ್ಕಳು ಬೇರೆ ಶಾಲೆಯಲ್ಲಿ ಮುಂದುವರಿಯೋದು ಮಾಮೂಲು. ಎಲ್ಲಾ ಮಕ್ಕಳಿಗೂ 12 ವರ್ಷದ ಒಂದೇ ಶಾಲೆ ಬೇಕು, ಹುಡುಗ ಹುಡುಗಿಯರು ಒಟ್ಟಿಗೆ ಕಲೀಬೇಕು ಅನ್ನೋದು ಸ್ಟೈನರ್ ವಾದ. ನಮ್ಮ ಮಕ್ಕಳಿಗೂ ಅಂಥ ಶಾಲೆ ಬೇಕು ಅನ್ನೋ ಆಸೆ ಕಾರ್ಮಿಕರಲ್ಲಿ ಹುಟ್ಟಿತು.

ಸೆಪ್ಟೆಂಬರ್ 7ಕ್ಕೆ ಶಾಲೆ ಬಾಗಿಲು ತೆರೆಯಿತು. ಮೊದಲ ದಿನ 256 ಮಕ್ಕಳು. ಅವರಲ್ಲಿ 191 ಮಕ್ಕಳು ಕಾರ್ಖಾನೆಯವರ ಮನೆಯಿಂದ ಬಂದವರು. ಆ ಮಕ್ಕಳ ಖರ್ಚನ್ನ ಕಂಪನಿಯೇ ಹೊತ್ತಿತು. ಈ 191 ಅನ್ನೋ ಸಂಖ್ಯೆ ಸ್ವಲ್ಪ ನೆನಪಿಟ್ಕೊಳ್ಳಿ.

ಅಲ್ಲಿ ಕಲಿಸ್ತಿದ್ದುದು ಹೇಗೆ? ತಲೆ, ಹೃದಯ, ಕೈ ಮೂರೂ ಒಟ್ಟಿಗೆ ಬೆಳೀಬೇಕು ಅನ್ನೋದು ತಳಹದಿ. ಬೆಳಗ್ಗಿನ ಎರಡು ಗಂಟೆ ಒಂದೇ ವಿಷಯ, ಹೀಗೇ ಮೂರ್ನಾಲ್ಕು ವಾರ. ಆಮೇಲೆ ಇನ್ನೊಂದು ವಿಷಯ. ಪಠ್ಯಪುಸ್ತಕದ ಬದಲು ಮಕ್ಕಳೇ ಬರೆದು, ಚಿತ್ರ ಬಿಡಿಸಿ ತಮ್ಮ ಪುಸ್ತಕ ಮಾಡ್ಕೋಬೇಕು. ಹುಡುಗರೂ ಹೆಣಿಗೆ ಕಲೀಬೇಕು. ಒಬ್ಬರೇ ಟೀಚರ್ ಎಂಟು ವರ್ಷ ಅದೇ ಮಕ್ಕಳ ಜೊತೆ ಮುಂದೆ ಹೋಗ್ತಾರೆ. ಅಕ್ಷರ ಕಲಿಯೋಕೆ ಏಳನೇ ವಯಸ್ಸಿನವರೆಗೆ ಅವಸರ ಇಲ್ಲ, ಅಕ್ಷರ ಚಿತ್ರದಿಂದ ಹುಟ್ಟಬೇಕು. ನಮ್ಮ ‘ಗ’ ಅಕ್ಷರವನ್ನೇ ನೋಡಿ, ಗುಡ್ಡದ ಬೆನ್ನಿನ ಹಾಗೇ ಇದೆ. ಕಳಸದ ಮಗು ಮೊದಲು ತನ್ನ ಮನೆ ಎದುರಿನ ಗುಡ್ಡ ಬರೆದು, ಆ ಗುಡ್ಡದೊಳಗಿಂದ ‘ಗ’ ಹೊರಗೆ ತಂದ್ರೆ ಹೇಗಿರುತ್ತೆ? ಅದೇ ಇಲ್ಲಿನ ಯೋಚನೆ. ಕಲೆ ಅನ್ನೋದು ಶನಿವಾರದ ಒಂದು ಪೀರಿಯಡ್ ಅಲ್ಲ, ಗಣಿತ ವಿಜ್ಞಾನಕ್ಕೂ ಅದೇ ದಾರಿ.

ಹಾಗಂತ ಎಲ್ಲವನ್ನೂ ಹೊಗಳಿ ಮುಗಿಸೋ ಹಾಗಿಲ್ಲ. ಈ ಶಿಕ್ಷಣದ ಹಿಂದೆ ಸ್ಟೈನರ್ ಅವರ ‘ಆಂಥ್ರೊಪೊಸಫಿ’ ಅನ್ನೋ ಆಧ್ಯಾತ್ಮಿಕ ದರ್ಶನ ಇದೆ. ಅದರ ಎಷ್ಟೋ ಮಾತುಗಳಿಗೆ ವಿಜ್ಞಾನದ ಆಧಾರ ಇಲ್ಲ. ಜನಾಂಗಗಳ ಬಗ್ಗೆ ಅವರು ಆಡಿದ ಕೆಲವು ಮಾತುಗಳಿಗೆ ಇವತ್ತಿಗೂ ಕಟು ಟೀಕೆ ಇದೆ. ಇನ್ನೊಂದು ಕಡೆ, ನಾಜಿ ಸರ್ಕಾರಕ್ಕೂ ಈ ಶಾಲೆ ಹಿಡಿಸಲಿಲ್ಲ. 1938ರಲ್ಲಿ ಸ್ಟಟ್‌ಗಾರ್ಟ್ ಶಾಲೆ ಮುಚ್ಚಿತು, ಯುದ್ಧ ಮುಗಿದ 1945ರಲ್ಲಿ ಮತ್ತೆ ತೆರೆಯಿತು.

ಈಗ ನಮ್ಮ ಕಡೆ ಬರೋಣ. ಇಂಥ ಯೋಚನೆ ಜರ್ಮನಿಯ ಸೊತ್ತೇನಲ್ಲ. ಮೂಡಿಗೆರೆಯಿಂದ ಚಾರ್ಮಾಡಿ ಘಾಟಿ ಇಳಿದು ದಕ್ಷಿಣಕ್ಕೆ ಹೋದ್ರೆ ಪುತ್ತೂರು. ಅಲ್ಲಿನ ಬಾಲವನದಲ್ಲಿ ಶಿವರಾಮ ಕಾರಂತರು 1930ರ ದಶಕದಲ್ಲೇ ಮಕ್ಕಳ ಶಿಕ್ಷಣದ ಪ್ರಯೋಗ ಮಾಡಿದ್ರು. ಕುಣಿತ, ನಾಟಕ, ಚಿತ್ರ ಎಲ್ಲವೂ ಓದಿನ ಭಾಗ. ಅದೇ ದಶಕದಲ್ಲಿ ಮಕ್ಕಳಿಗಾಗಿ ‘ಬಾಲ ಪ್ರಪಂಚ’ ಅನ್ನೋ ವಿಶ್ವಕೋಶವನ್ನೂ ಬರೆದ್ರು. ಇದೆಲ್ಲ ಸ್ಟೈನರ್ ಪ್ರಭಾವ ಅಂತ ನಾನು ಹೇಳ್ತಿಲ್ಲ. ಬಾಯಿಪಾಠದ ಶಾಲೆ ಸಾಕು ಅನ್ನೋ ಸಿಟ್ಟು ಆ ಕಾಲದಲ್ಲಿ ಎಲ್ಲ ಕಡೆ ಇತ್ತು. ಟ್ಯಾಗೋರರ ಶಾಂತಿನಿಕೇತನದ ಶಾಲೆ 1901ರಲ್ಲೇ ಶುರುವಾಗಿತ್ತು, ಗಾಂಧೀಜಿ 1937ರಲ್ಲಿ ಕೈಕಸುಬಿನ ಮೂಲಕ ಕಲಿಸೋ ‘ನಯೀ ತಾಲೀಮ್’ ಯೋಜನೆ ಮುಂದಿಟ್ಟರು.

ಮತ್ತೆ ಘಾಟಿ ಹತ್ತಿದ್ರೆ ನಮ್ಮ ತೇಜಸ್ವಿ. ಮೂಡಿಗೆರೆಯಲ್ಲಿ ಕಾಫಿ ಬೆಳೀತಾ, ಹಕ್ಕಿ ಫೋಟೋ ತೆಗೀತಾ, ಚಿತ್ರ ಬರೀತಾ, ಮೀನು ಹಿಡೀತಾ ಬದುಕಿದ ಮನುಷ್ಯ. ಅವರು ಶಾಲೆ ಕಟ್ಟಲಿಲ್ಲ. ಆದ್ರೆ 1980ರಲ್ಲಿ ಬಂದ ‘ಕರ್ವಾಲೊ’ ಕಾದಂಬರಿಯ ಮಂದಣ್ಣನನ್ನ ನೆನಪಿಸ್ಕೊಳ್ಳಿ. ಊರಿನ ಕಣ್ಣಿಗೆ ಅವನು ಜೇನು ಕೀಳೋ ಒಬ್ಬ ದಡ್ಡ, ಅಷ್ಟೆ. ವಿಜ್ಞಾನಿ ಕರ್ವಾಲೊ ಮಾತ್ರ ಅವನಲ್ಲಿ ಒಬ್ಬ ಹುಟ್ಟು ಪ್ರಕೃತಿ ವಿಜ್ಞಾನೀನ ಕಾಣ್ತಾರೆ. ಆ ಕಾದಂಬರಿ ಓದುವಾಗ ನನಗೆ ಕಂಡಿದ್ದು ನನ್ನ ಬೆಂಚಿನ ಹುಡುಗನ ಮುಖ. ಅವನಿಗೆ ಒಬ್ಬ ಕರ್ವಾಲೊ ಸಿಗಲಿಲ್ಲ.

ಕಾನೂನು ಇರಲಿಲ್ವಾ? ಇತ್ತು. 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಯ ಪ್ರಕಾರ, ಒಂದು ತೋಟದಲ್ಲಿ ಕಾರ್ಮಿಕರ 6ರಿಂದ 12 ವರ್ಷದ ಮಕ್ಕಳು 25ಕ್ಕಿಂತ ಹೆಚ್ಚಿದ್ರೆ, ಮಾಲೀಕರೇ ಶಿಕ್ಷಣದ ವ್ಯವಸ್ಥೆ ಮಾಡಬೇಕು ಅಂತ ರಾಜ್ಯ ಸರ್ಕಾರ ನಿಯಮ ತರಬಹುದಿತ್ತು. ಶಿಶುಮನೆಯ ಮಾತೂ ಅದರಲ್ಲಿತ್ತು. ಅಂದ್ರೆ ಮೋಲ್ಟ್ ತಾವಾಗಿ ಮಾಡಿದ್ದನ್ನ ನಮ್ಮಲ್ಲಿ ಕಾಯ್ದೆಯೇ ಯೋಚಿಸಿತ್ತು. ಆದ್ರೆ ನಮ್ಮ ಗುಡ್ಡಗಳಲ್ಲಿ ಸಣ್ಣ ತೋಟಗಳೇ ಜಾಸ್ತಿ. ನಾಲ್ಕೈದು ಮಕ್ಕಳಿರೋ ಲೈನ್ ಮನೆಗೆ 25ರ ಲೆಕ್ಕ ಹೇಗೆ ಮುಟ್ಟೀತು? ಕುಯ್ಲಿಗೆ ಅಂತ ಉತ್ತರ ಕರ್ನಾಟಕದಿಂದ, ಈಚೆಗೆ ಅಸ್ಸಾಂನಿಂದ ಬರೋ ಕುಟುಂಬಗಳ ಮಕ್ಕಳಂತೂ ಎರಡು ಊರಿನ ಹಾಜರಿ ಪುಸ್ತಕದ ನಡುವೆ ಕಳೆದುಹೋಗ್ತಾರೆ.

ಈ ಮಕ್ಕಳಿಗೆ ನಿಜವಾಗಿ ಹತ್ತಿರ ಬಂದಿದ್ದು ನಮ್ಮ ಸರ್ಕಾರಿ ಶಾಲೆಯ ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನ ನೋಡಿ ಬಂದು, ಯುನಿಸೆಫ್ ನೆರವಿನಿಂದ ಶುರು ಮಾಡಿದ್ದು. 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ, ಗುಂಪು ಗುಂಪಾಗಿ ಕೂತು ಹಾಡು, ಕಥೆ, ಚಿತ್ರ, ಕಾರ್ಡುಗಳ ಮೂಲಕ ಕಲೀತಾರೆ. ಗೋಡೆ ಮೇಲೆ ಕಲಿಕೆಯ ಏಣಿ. ಪ್ರತಿ ಮಗುವಿಗೂ ತಾನು ಯಾವ ಮೆಟ್ಟಿಲಲ್ಲಿದೀನಿ ಅಂತ ಗೊತ್ತು. ಒಂದು ತಿಂಗಳು ಶಾಲೆ ತಪ್ಪಿಸಿ ಬಂದ್ರೆ, ಬಿಟ್ಟ ಕಾರ್ಡಿನಿಂದಲೇ ಮುಂದಕ್ಕೆ. ಕೊನೇ ಬೆಂಚು ಅನ್ನೋದೇ ಇಲ್ಲ.

ಇದು ಪೂರ್ತಿ ಸಲೀಸಾಗಿ ನಡೀತಿದೆ ಅಂತಲ್ಲ. ಕಾರ್ಡು ಹರಿದಿರುತ್ತೆ, ಟೀಚರ್ ಒಬ್ಬರೇ ಇರ್ತಾರೆ, ಅವರಿಗೆ ಬೇರೆ ಕೆಲಸಗಳೂ ನೂರೆಂಟು. ಮಕ್ಕಳು ಕಡಿಮೆ ಅಂತ ಶಾಲೆಯೇ ಮುಚ್ಚೋ ಭಯ ಬೇರೆ. ಮೇಲಾಗಿ ನಲಿ-ಕಲಿ ಮೂರನೇ ಕ್ಲಾಸಿಗೆ ನಿಲ್ಲುತ್ತೆ. ನಾಲ್ಕಕ್ಕೆ ಮತ್ತೆ ಪುಸ್ತಕ, ಮತ್ತೆ ಬೆಂಚು. ನನ್ನ ಗೆಳೆಯ ಬಿದ್ದುಹೋಗಿದ್ದೂ ಸರಿಯಾಗಿ ಅದೇ ಮೆಟ್ಟಿಲಲ್ಲಿ.

ಈಗ ಆ 191ಕ್ಕೆ ವಾಪಸ್ ಬರ್ತೀನಿ. ಒಂದು ಶಾಲೆ ‘ಸಮಗ್ರ ಶಿಕ್ಷಣ’ ಕೊಡ್ತೀವಿ ಅಂದಾಗ ನಾನೀಗ ಅಲ್ಲಿ ಜೇನುಮೇಣದ ಕ್ರಯಾನ್ ಇದೆಯಾ ಅಂತ ನೋಡಲ್ಲ. ಕೂಲಿಯವರ ಮಕ್ಕಳು ಎಷ್ಟು ಜನ ಇದ್ದಾರೆ, ಕುಯ್ಲು ಮುಗಿಸಿ ಬಂದ ಮಗುವಿಗೆ ಎಲ್ಲಿ ಜಾಗ ಕೊಡ್ತೀರಿ ಅಂತ ಕೇಳ್ತೀನಿ. ಆ ಶಿಕ್ಷಣ ಹುಟ್ಟಿದ್ದೇ ಅಂಥ ಮಕ್ಕಳಿಗಾಗಿ.

ಮುಂದಿನ ಡಿಸೆಂಬರ್‌ನಲ್ಲಿ ನೀವು ಚಿಕ್ಕಮಗಳೂರಿಗೆ ಟ್ರಿಪ್ ಬಂದಾಗ, ಕೆಂಪು ಹಣ್ಣು ತುಂಬಿದ ಗಿಡಗಳ ಮಧ್ಯೆ ಫೋಟೋ ತೆಗೆಸ್ಕೊಳ್ಳಿ, ಬೇಡ ಅನ್ನಲ್ಲ. ಹಾಗೇ ಒಂದು ಕ್ಷಣ ಗಿಡದ ಬುಡದ ಕಡೆನೂ ನೋಡಿ. ಅಲ್ಲೊಂದು ಮಗು ಮಣ್ಣಿನ ಮೇಲೆ ಕಡ್ಡಿಯಲ್ಲಿ ಹಕ್ಕಿ ಬರೀತಾ ಕೂತಿರಬಹುದು. ಅವತ್ತು ಅದು ಶಾಲೆಯಲ್ಲಿ ಇರಬೇಕಾಗಿತ್ತು.